ಕೊತೆತ್ಸು ಕತ್ತಿ 2,600 ಡಾಲರ್‌ಗೆ ಸಿಗುತ್ತದಾ? ಜಪಾನಿನಿಂದ ಹಳೆಯ ಕತ್ತಿ ತರಿಸುವವರಿಗೆ

ಓದುಗರ ಪ್ರಶ್ನೆ: ನಾನು ಮೈಸೂರಿನವನು. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸ. ಹಳೆಯ ಜಪಾನಿ ಕತ್ತಿ ಒಂದನ್ನಾದರೂ ಕೊಳ್ಳಬೇಕು ಅನ್ನುವುದು ಬಹಳ ದಿನದ ಆಸೆ. ಎರಡು ಕಣ್ಣಿಗೆ ಬಿದ್ದಿವೆ. ಒಂದು ಟೋಕಿಯೊದ ವ್ಯಾಪಾರಿಯ ಹತ್ತಿರ ಇರುವ ವಾಕಿಜಾಶಿ, ಅಂದರೆ ಗಿಡ್ಡ ಕತ್ತಿ. ‘ಸುಕೆಸದಾ’ ಅಂತ ಕಮ್ಮಾರನ ಸಹಿ ಕೆತ್ತಿದೆ, 54 ಸೆಂ.ಮೀ. ಉದ್ದ, ‘ಹೊಜೋನ್’ ಅನ್ನುವ ತಜ್ಞರ ಪತ್ರ ಇದೆ, ಬೆಲೆ 3,20,000 ಯೆನ್. ಇನ್ನೊಂದು ಆನ್‌ಲೈನ್ ಹರಾಜಿನಲ್ಲಿ. ‘ಕೊತೆತ್ಸು’ ಸಹಿಯ ಉದ್ದ ಕತಾನಾ, ‘ಸರ್ಕಾರಿ ಪ್ರಮಾಣಪತ್ರ ಇದೆ’ ಅಂತ ಹಾಕಿದ್ದಾರೆ, 2,600 ಡಾಲರ್. ಎರಡನೆಯದು ದೊಡ್ಡ ಹೆಸರು, ಉದ್ದವೂ ಜಾಸ್ತಿ. ಯಾವುದು ಒಳ್ಳೆಯದು? ಮುಂದೆ ಊರಿಗೆ ವಾಪಸ್ ಬರುವಾಗ ಜೊತೆಗೆ ತರಬಹುದಾ?

ಉತ್ತರ: ಸುಲಭದ್ದನ್ನು ಮೊದಲು ಮುಗಿಸೋಣ. ಕೊತೆತ್ಸು ಬೇಡ. ನೀವು ಕಳಿಸಿದ ಫೋಟೊಗಳನ್ನು ನೋಡಿದ್ದೇನೆ, ಆದರೆ ನೋಡದಿದ್ದರೂ ಇದನ್ನೇ ಹೇಳುತ್ತಿದ್ದೆ.

ನಾಗಸೊನೆ ಕೊತೆತ್ಸು 17ನೇ ಶತಮಾನದ ಕಮ್ಮಾರ. ಎಚಿಜೆನ್ ಸೀಮೆಯಲ್ಲಿ ಯುದ್ಧಕವಚ ಮಾಡಿಕೊಂಡಿದ್ದವನು ನಡುವಯಸ್ಸು ದಾಟಿದ ಮೇಲೆ ಎದೊ ನಗರಕ್ಕೆ, ಅಂದರೆ ಈಗಿನ ಟೋಕಿಯೊಗೆ ಬಂದು ಕತ್ತಿಗೆ ಕೈ ಹಾಕಿದ. ಅವನ ಅಲಗಿನ ಹರಿತಕ್ಕೆ ಅವನು ಬದುಕಿದ್ದಾಗಲೇ ಹೆಸರಿತ್ತು. ಹೆಸರು ಬಂದ ಕೂಡಲೇ ನಕಲಿಯೂ ಶುರುವಾಯಿತು. ‘ಕೊತೆತ್ಸು ಕಂಡರೆ ನಕಲಿ ಅಂತಲೇ ತಿಳಿ’ ಅನ್ನುವ ಅರ್ಥದ ಮಾತು ಜಪಾನಿನ ಸಂಗ್ರಾಹಕರಲ್ಲಿ ಈಗಲೂ ಇದೆ. ಕ್ಯೋಟೊದ ಶಿನ್‌ಸೆನ್‌ಗುಮಿ ಪಡೆಯ ನಾಯಕ ಕೊಂದೊ ಇಸಾಮಿ ತನ್ನ ಕೊತೆತ್ಸು ಬಗ್ಗೆ ಬಹಳ ಹೆಮ್ಮೆ ಪಡುತ್ತಿದ್ದನಂತೆ. ಅದೂ ನಕಲಿಯೇ, ಕಿಯೊಮಾರೊ ಅನ್ನುವ ಕಮ್ಮಾರ ಮಾಡಿದ ಅಲಗಿಗೆ ಬೇರೆ ಯಾರೋ ಕೊತೆತ್ಸುವಿನ ಸಹಿ ಕೆತ್ತಿದ್ದರು ಅನ್ನುವ ಕಥೆ ಇದೆ. ಕಥೆ ನಿಜವೋ ಸುಳ್ಳೋ, ಆ ಕಾಲದಲ್ಲಿ ಸುಳ್ಳು ಸಹಿ ಕೆತ್ತುವುದನ್ನೇ ಕಸುಬು ಮಾಡಿಕೊಂಡವರು ಇದ್ದದ್ದು ನಿಜ. ಕಾಜಿಹೇ ಅಂತ ಹೆಸರಾದವನ ನಕಲಿ ಸಹಿಗಳು ಎಷ್ಟು ಚೆನ್ನಾಗಿದ್ದವು ಅಂದರೆ, ಈಗ ಅವನ್ನೇ ಬೇರೆಯಾಗಿ ಅಭ್ಯಾಸ ಮಾಡುವವರಿದ್ದಾರೆ.

ಅಸಲಿ ಕೊತೆತ್ಸು ಮಾರುಕಟ್ಟೆಗೆ ಬಂದರೆ ಅದರ ಬೆಲೆ ನಿಮ್ಮ ಹರಾಜಿನ ಬೆಲೆಗಿಂತ ಎಷ್ಟೋ ಪಟ್ಟು ಮೇಲಿರುತ್ತದೆ. ಅದಕ್ಕೆ ಪತ್ರವೂ ಇರುತ್ತದೆ, ಕಾಯುವ ಜನವೂ ಇರುತ್ತಾರೆ. ಯಾರೂ ಅದನ್ನು ಸುಮ್ನೆ ಹರಾಜಿಗೆ ಬಿಟ್ಟು ಅಮೆರಿಕದ ಹೊಸಬರೊಬ್ಬರು ಕೊಳ್ಳಲಿ ಅಂತ ಕಾಯುವುದಿಲ್ಲ.

ಸುಳ್ಳು ಸಹಿಯ ಕತ್ತಿ ಅಂದ ಮಾತ್ರಕ್ಕೆ ಕತ್ತಿಯೇ ಸುಳ್ಳು ಅಂತಲ್ಲ. ಇದನ್ನು ಬೇಗ ಅರ್ಥ ಮಾಡಿಕೊಂಡರೆ ನಿಮಗೆ ಲಾಭ. ಎದೊ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದ ನಡುವೆ, ಕತ್ತಿ ಅಂದರೆ ಉಡುಗೊರೆ. ಮೇಲಿನವರಿಗೆ ಕೊಡಬೇಕು, ಮದುವೆಗೆ ಕೊಡಬೇಕು, ಮಗ ಹುಟ್ಟಿದರೆ ಕೊಡಬೇಕು. ಕೊಡುವವನಿಗೆ ದೊಡ್ಡ ಹೆಸರು ಬೇಕು, ಕೈಯಲ್ಲಿ ಅಷ್ಟು ದುಡ್ಡಿಲ್ಲ. ಹಾಗಾಗಿ ಒಳ್ಳೆಯದೇ ಆದ, ಆದರೆ ಸಹಿಯಿಲ್ಲದ ಅಥವಾ ಸಣ್ಣ ಹೆಸರಿನ ಅಲಗಿನ ಮೇಲೆ ದೊಡ್ಡ ಹೆಸರು ಕೂರುತ್ತಿತ್ತು. ಅಂಥ ಕತ್ತಿಗಳಲ್ಲಿ ನೋಡಲು ಬಹಳ ಚೆನ್ನಾಗಿರುವವೂ ಇವೆ. ಸಹಿ ಸುಳ್ಳು ಅಂತ ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ಬೆಲೆ ಇಟ್ಟು ಮಾರುವವರಿದ್ದರೆ ಕೊಳ್ಳಬಹುದು. ನಿಮ್ಮ ಹರಾಜಿನವನು ಹಾಗೆ ಮಾಡುತ್ತಿಲ್ಲ.

ಅವನು ಹೇಳುವ ‘ಸರ್ಕಾರಿ ಪ್ರಮಾಣಪತ್ರ’ದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹೊಸಬರು ಜಾಸ್ತಿ ಎಡವುವುದು ಇಲ್ಲೇ.

1945ರಲ್ಲಿ ಜಪಾನ್ ಸೋತಾಗ ಅಮೆರಿಕದ ಸೇನೆ ಮನೆಮನೆಯ ಕತ್ತಿಗಳನ್ನೂ ಆಯುಧ ಅಂತ ಕಸಿದುಕೊಳ್ಳಲು ಶುರು ಮಾಡಿತು. ರಾಶಿ ರಾಶಿ ಕತ್ತಿಗಳು ಕರಗಿ ಹೋದವು, ಸಮುದ್ರಕ್ಕೆ ಬಿದ್ದವು, ಸೈನಿಕರ ಚೀಲ ಸೇರಿ ಅಮೆರಿಕಕ್ಕೂ ಬಂದವು. ಹೊಂಮಾ ಜುಂಜಿ, ಸಾತೊ ಕಾನ್‌ಇಚಿ ಎಂಬ ಇಬ್ಬರು ವಿದ್ವಾಂಸರು ಕ್ಯಾಡ್‌ವೆಲ್ ಅನ್ನುವ ಅಮೆರಿಕದ ಕರ್ನಲ್‌ನ ಬೆನ್ನು ಹತ್ತಿ, ಕಲಾವಸ್ತು ಅನ್ನಿಸಿಕೊಳ್ಳುವ ಕತ್ತಿಗಳನ್ನಾದರೂ ಉಳಿಸಿ ಅಂತ ಒಪ್ಪಿಸಿದರು. ಅಲ್ಲಿಂದ ಎರಡು ಬೇರೆ ಬೇರೆ ಕಾಗದಗಳ ದಾರಿ ಹುಟ್ಟಿತು.

ಒಂದು ತೋರೊಕುಶೊ, ಅಂದರೆ ನೋಂದಣಿ ಚೀಟಿ. ಜಪಾನಿನಲ್ಲಿ ಇದಿಲ್ಲದೆ ಕತ್ತಿ ಇಟ್ಟುಕೊಳ್ಳುವುದು ಅಪರಾಧ. ಪ್ರತಿ ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಡುತ್ತದೆ. ಅಂಗೈಯಗಲದ ಕಾಗದ. ಅದರಲ್ಲಿ ನೋಂದಣಿ ಸಂಖ್ಯೆ, ಕತ್ತಿಯ ಬಗೆ, ಉದ್ದ, ಬಾಗು ಎಷ್ಟು, ಹಿಡಿಕೆಯೊಳಗಿನ ಭಾಗದಲ್ಲಿ ಎಷ್ಟು ತೂತು, ಏನಂತ ಕೆತ್ತಿದೆ, ಇಷ್ಟೇ ಇರುತ್ತದೆ. ಮಾಲೀಕನ ಹೆಸರೂ ಇರುವುದಿಲ್ಲ. ‘ಕೊತೆತ್ಸು’ ಅಂತ ಕೆತ್ತಿದ್ದರೆ ಅಧಿಕಾರಿ ಹಾಗೇ ಬರೆದುಕೊಳ್ಳುತ್ತಾನೆ. ಸಹಿ ನಿಜವಾ ಅಂತ ನೋಡುವುದು ಅವನ ಕೆಲಸ ಅಲ್ಲ. ಗಾಡಿಯ ಆರ್‌ಸಿ ಇದ್ದ ಹಾಗೆ ಇದು, ನಂಬರ್ ಹೇಳುತ್ತದೆ, ಎಂಜಿನ್ ಹೇಗಿದೆ ಅಂತ ಹೇಳುವುದಿಲ್ಲ. ನಿಮ್ಮ ಹರಾಜಿನ ಫೋಟೊದಲ್ಲಿ ಕಾಣುವ ‘ಸರ್ಕಾರಿ ಪ್ರಮಾಣಪತ್ರ’ ಈ ಚೀಟಿಯೇ. ಮಾರುವವನು ಸುಳ್ಳು ಹೇಳಿಲ್ಲ, ನೀವು ತಪ್ಪು ತಿಳಿಯಲಿ ಅಂತ ಬಿಟ್ಟಿದ್ದಾನೆ ಅಷ್ಟೆ.

ಇನ್ನೊಂದು ತಜ್ಞರ ಪತ್ರ. 1948ರಲ್ಲಿ ಶುರುವಾದ ಎನ್‌ಬಿಟಿಎಚ್‌ಕೆ ಅನ್ನುವ ಜಪಾನಿ ಕತ್ತಿ ಸಂರಕ್ಷಣಾ ಸಂಸ್ಥೆ ಇದನ್ನು ಕೊಡುತ್ತದೆ. ಟೋಕಿಯೊದ ರ್‍ಯೊಗೊಕುದಲ್ಲಿರುವ ಕತ್ತಿ ಮ್ಯೂಸಿಯಂ ಇವರದೇ. ತಜ್ಞರ ತಂಡ ಅಲಗನ್ನು ಕೈಯಲ್ಲಿ ಹಿಡಿದು ನೋಡಿ, ಸಹಿ ಸರಿ ಇದೆ ಅಥವಾ ಸಹಿಯಿಲ್ಲದ ಈ ಅಲಗು ಇಂಥ ಪರಂಪರೆಯದು ಅಂತ ತೀರ್ಪು ಕೊಡುತ್ತದೆ. ಸುಳ್ಳು ಸಹಿ ಅನ್ನಿಸಿದರೆ ಪತ್ರ ಇಲ್ಲ. ಮೆಟ್ಟಿಲು ನಾಲ್ಕು: ಹೊಜೋನ್, ತೊಕುಬೆತ್ಸು ಹೊಜೋನ್, ಜೂಯೊ, ತೊಕುಬೆತ್ಸು ಜೂಯೊ. ಕೆಳಗಿನ ಎರಡಕ್ಕೆ ಕೊಡುವ ಪತ್ರದಲ್ಲಿ ಹಿಡಿಕೆಯೊಳಗಿನ ಭಾಗದ ಫೋಟೊ ಅಂಟಿಸಿ ಮುದ್ರೆ ಒತ್ತಿರುತ್ತಾರೆ. ಎನ್‌ಟಿಎಚ್‌ಕೆ ಅನ್ನುವ ಇನ್ನೊಂದು ಸಂಸ್ಥೆಯ ಪತ್ರಗಳೂ ಇವೆ, ಆದರೆ ಮಾರುಕಟ್ಟೆಯಲ್ಲಿ ಎನ್‌ಬಿಟಿಎಚ್‌ಕೆ ಮಾತಿಗೇ ತೂಕ ಜಾಸ್ತಿ.

ಇಲ್ಲೂ ಒಂದು ಕೊಕ್ಕೆ ಇದೆ. ಈಗಿನ ಹೊಜೋನ್ ಪದ್ಧತಿ ಬಂದದ್ದು 1980ರ ದಶಕದಲ್ಲಿ. ಅದಕ್ಕೆ ಮುಂಚೆ ಇದೇ ಸಂಸ್ಥೆ ಬಿಳಿ ಮತ್ತು ಹಸಿರು ಬಣ್ಣದ ಪತ್ರಗಳನ್ನು ಕೊಡುತ್ತಿತ್ತು. ಹಸಿರು ಪತ್ರಗಳ ಕಾಲದಲ್ಲಿ ಭಾರಿ ಗೋಲ್ಮಾಲ್ ನಡೆದು ಅವುಗಳ ಮೇಲಿನ ನಂಬಿಕೆ ಹೋಯಿತು. ದೊಡ್ಡ ಹೆಸರಿನ ಕತ್ತಿಗೆ ಬರೀ ಹಳೆಯ ಹಸಿರು ಪತ್ರ ಇದೆ ಅಂದರೆ ಅದನ್ನು ಪತ್ರ ಅಂತ ಲೆಕ್ಕಕ್ಕೇ ತಗೋಬೇಡಿ. ‘ಹೊಸ ಪತ್ರ ಬರುವುದು ಗ್ಯಾರಂಟಿ’ ಅಂತ ಮಾರುವವನು ಹೇಳಿದರೆ, ‘ಹಾಗಾದರೆ ನೀವೇ ಮಾಡಿಸಿ ಕೊಡಿ, ಜಾಸ್ತಿ ದುಡ್ಡು ಕೊಡುತ್ತೇನೆ’ ಅನ್ನಿ. ಅವನು ತಾನೇ ಯಾಕೆ ಮಾಡಿಸಿಲ್ಲ ಅನ್ನುವುದಕ್ಕೆ ಆಗ ಉತ್ತರ ಸಿಗುತ್ತದೆ.

ಈಗ ನಿಮ್ಮ ಸುಕೆಸದಾ. ಇದು ಮಾತಾಡಬೇಕಾದ ಕತ್ತಿ.

ಬಿಜೆನ್ ಪ್ರಾಂತ್ಯದ ಒಸಾಫುನೆ, ಈಗಿನ ಒಕಾಯಾಮಾ ಜಿಲ್ಲೆಯ ಊರು, ಜಪಾನಿನಲ್ಲೇ ಅತಿ ಹೆಚ್ಚು ಕತ್ತಿ ಮಾಡಿದ ಜಾಗ. 15ನೇ ಶತಮಾನದ ಕೊನೆಯಿಂದ ನೂರು ವರ್ಷಕ್ಕೂ ಜಾಸ್ತಿ ಅಲ್ಲಿ ಯುದ್ಧವೋ ಯುದ್ಧ. ಬೇಡಿಕೆ ತೀರಿಸಲು ಕುಲುಮೆಗಳು ಹಗಲೂ ರಾತ್ರಿ ಉರಿದವು. ಕಾಲಾಳುಗಳಿಗೆ ಕಟ್ಟುಗಟ್ಟಲೆ ಹೋಗುವ ಸಾಧಾರಣ ಕತ್ತಿ ಒಂದು ಕಡೆ, ಹೆಸರು ಹೇಳಿ ಮಾಡಿಸಿಕೊಂಡ ಒಳ್ಳೆಯ ಕತ್ತಿ ಇನ್ನೊಂದು ಕಡೆ. 1590ರ ಸುಮಾರಿಗೆ ಯೋಶಿಇ ನದಿ ಉಕ್ಕಿ ಊರನ್ನೇ ತೊಳೆದುಕೊಂಡು ಹೋಯಿತು, ಆ ಪರಂಪರೆ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು.

ಸುಕೆಸದಾ ಅನ್ನುವುದು ಒಬ್ಬನ ಹೆಸರಲ್ಲ. ಆ ಹೆಸರಿನಲ್ಲಿ ಸಹಿ ಹಾಕಿದವರು ಹತ್ತಾರು ಜನ. ಹಾಗಾಗಿ ಸಹಿಯನ್ನು ಪೂರ್ತಿ ಓದಬೇಕು. ‘ಬಿಷೂ ಒಸಾಫುನೆ ಸುಕೆಸದಾ’ ಅಂತ ಚಿಕ್ಕದಾಗಿ ಕೆತ್ತಿದ್ದರೆ ಬಹುಪಾಲು ಕಟ್ಟಿನ ಸರಕು. ‘ಬಿಜೆನ್ ನೊ ಕುನಿ ಜೂ ಒಸಾಫುನೆ’ ಅಂತ ಉದ್ದಕ್ಕೆ ಶುರುವಾಗಿ, ‘ಯೊಸೊಜಾಏಮೊನ್ ನೊ ಜೊ’ ಅನ್ನುವ ಥರ ಕಮ್ಮಾರನ ಸ್ವಂತ ಹೆಸರೂ ಸೇರಿದ್ದರೆ ಅದು ಮನಸ್ಸಿಟ್ಟು ಮಾಡಿದ ಕೆಲಸ. ಬೆಲೆ ಹಲವು ಪಟ್ಟು ಏರುತ್ತದೆ. ನಿಮ್ಮದು ಚಿಕ್ಕ ಸಹಿ. ಹಿಂಬದಿಯಲ್ಲಿ ತೆನ್‌ಬುನ್ ವರ್ಷದ ತಾರೀಖು ಇದೆ, ಅಂದರೆ 1532ರಿಂದ 1555ರ ನಡುವಿನದು. ತಿಂಗಳು ‘ಎಂಟನೆಯದು’ ಅಂತಿದೆ. ಅದನ್ನು ನೋಡಿ ಆಗಸ್ಟ್‌ನಲ್ಲೇ ಮಾಡಿದ್ದು ಅಂದುಕೊಳ್ಳಬೇಡಿ. ಎರಡನೇ ತಿಂಗಳು ಅಥವಾ ಎಂಟನೇ ತಿಂಗಳು ಅಂತ ಬರೆಯುವುದು ಆ ಕಸುಬಿನ ರೂಢಿ.

ಕಟ್ಟಿನ ಸರಕು ಅಂದೆ ಅಂತ ಬೇಜಾರಾಗಬೇಡಿ. ಸುಮಾರು ಐನೂರು ವರ್ಷದ ಕತ್ತಿ. ಸಹಿ ಇದೆ, ತಾರೀಖಿದೆ, ತಜ್ಞರ ಪತ್ರ ಇದೆ. ಕಮ್ಮಾರ ಬಿಟ್ಟ ಉದ್ದದಲ್ಲೇ ಉಳಿದಿದೆ, ಕತ್ತರಿಸಿಲ್ಲ. ಮೊದಲ ಕತ್ತಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಅದು ಕತಾನಾ ಅಲ್ಲ, ವಾಕಿಜಾಶಿ ಅನ್ನುವುದೇ ಬೆಲೆ ಇಳಿದಿರಲು ಒಂದು ಕಾರಣ. 60.6 ಸೆಂ.ಮೀ. ದಾಟಿದರೆ ಕತಾನಾ, 30.3ರಿಂದ ಅಲ್ಲಿವರೆಗೆ ವಾಕಿಜಾಶಿ, ಅದಕ್ಕೂ ಕೆಳಗೆ ತಾಂತೊ. ಇದೇ ಗುಣದ ಕೆಲಸ ಆ ಗೆರೆ ದಾಟಿದ್ದರೆ ನೀವು ಎರಡು ಪಟ್ಟಾದರೂ ಕೊಡಬೇಕಾಗಿತ್ತು. ಉದ್ದಕ್ಕೆ ದುಡ್ಡು ಕೊಡುವ ಬದಲು ಅಲಗಿನ ಆರೋಗ್ಯಕ್ಕೆ ಕೊಡಿ.

ಆರೋಗ್ಯ ಹೇಗೆ ತಿಳಿಯುವುದು? ಪತ್ರ ಅದನ್ನು ಬರೆಯುವುದಿಲ್ಲ, ವ್ಯಾಪಾರಿಯ ಫೋಟೊ ಅರ್ಧ ಮಾತ್ರ ತೋರಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ‘ಹಗಿರೆ’. ಬಾಯಿಗೆ ಅಡ್ಡಲಾಗಿ, ಹದ ಹಾಕಿದ ಗಟ್ಟಿ ಭಾಗದಲ್ಲಿ ಬಿಟ್ಟ ಬಿರುಕು. ಕೂದಲಿನಷ್ಟು ಸಣ್ಣದು, ಒಂದೇ ಕೋನದಲ್ಲಿ ಕಾಣುತ್ತದೆ, ತಿರುಗಿಸಿದರೆ ಮಾಯ. ಸಾಣೆಯಿಂದ ಅದು ಹೋಗುವುದಿಲ್ಲ. ಹಗಿರೆ ಇರುವ ಅಲಗು ಸಂಗ್ರಾಹಕರ ಲೆಕ್ಕದಲ್ಲಿ ಸತ್ತ ಕತ್ತಿ. ಅದು ಇಲ್ಲ ಅಂತ ವ್ಯಾಪಾರಿಯಿಂದ ಬರಹದಲ್ಲೇ ಪಡೆಯಿರಿ. ಉಕ್ಕಿನ ಪದರ ಬಿಟ್ಟು ಉಬ್ಬಿದ ಗುಳ್ಳೆ, ಉದ್ದುದ್ದಕ್ಕೆ ಬಿಟ್ಟ ಸೀಳು ಇವೆಲ್ಲ ಇದ್ದರೂ ಬದುಕಬಹುದು. ಬಿಜೆನ್ನಿನ ಈ ಕಾಲದ ಕತ್ತಿಗಳಲ್ಲಿ ಒಂದೆರಡು ಇದ್ದೇ ಇರುತ್ತವೆ, ಬೆಲೆಯಲ್ಲಿ ಅದು ಸೇರಿರಬೇಕು ಅಷ್ಟೆ.

ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡು ಮತ್ತೆ ಹದ ಹಾಕಿಸಿಕೊಂಡ ಕತ್ತಿಗಳದು ಬೇರೆ ಕಥೆ. 1615ರಲ್ಲಿ ಒಸಾಕಾ ಕೋಟೆ ಸುಟ್ಟಾಗ ಒಳಗಿದ್ದ ಹೆಸರಾಂತ ಕತ್ತಿಗಳು ಬೆಂದುಹೋದವು. ತೊಕುಗಾವಾ ಮನೆತನ ಎಚಿಜೆನ್ ಯಾಸುತ್ಸುಗು ಅನ್ನುವ ಕಮ್ಮಾರನಿಂದ ಅವಕ್ಕೆ ಹೊಸದಾಗಿ ಹದ ಹಾಕಿಸಿತು. ಅಂಥವು ಇತಿಹಾಸದ ಕಾರಣಕ್ಕೆ ಮ್ಯೂಸಿಯಂನಲ್ಲಿವೆ. ನಿಮ್ಮ ನಮ್ಮಂಥವರ ಮಟ್ಟದ ಕತ್ತಿಗೆ ಮರುಹದ ಅಂದರೆ ಬೆಲೆ ಪಾತಾಳಕ್ಕೆ. ಹಿಡಿಕೆಯ ಮೇಲಿಂದ, ಹದದ ಗೆರೆ ಶುರುವಾಗುವ ಜಾಗದಲ್ಲಿ, ಓರೆಯಾಗಿ ಏಳುವ ಮಬ್ಬು ನೆರಳು ಕಂಡರೆ ಅನುಮಾನ ಪಡಿ.

ಹಿಡಿಕೆಯೊಳಗೆ ಸೇರುವ ಭಾಗಕ್ಕೆ ನಕಾಗೊ ಅನ್ನುತ್ತಾರೆ. ಅದರ ಮೇಲಿನ ತುಕ್ಕೇ ಕತ್ತಿಯ ಜಾತಕ. ಐನೂರು ವರ್ಷದ ನಕಾಗೊ ಕಪ್ಪಗೆ, ಒಳಗಿಂದ ಎಣ್ಣೆ ಜಿನುಗಿದ ಹಾಗೆ ಸಣ್ಣಗೆ ಹೊಳೆಯುತ್ತದೆ. ತುಕ್ಕು ಕಿತ್ತಳೆ ಬಣ್ಣಕ್ಕೆ ಪುಡಿಪುಡಿಯಾಗಿದ್ದರೆ ಒಂದೋ ಅದು ಇತ್ತೀಚಿನದು, ಇಲ್ಲವೇ ಆಮ್ಲ ಹಾಕಿ ಬರಿಸಿದ್ದು. ಅಕ್ಷರದ ಗುಂಡಿಯೊಳಗಿನ ತುಕ್ಕು ಸುತ್ತಲಿನ ತುಕ್ಕಿಗಿಂತ ಹೊಸದಾಗಿ ಕಂಡರೆ ಸಹಿ ಆಮೇಲೆ ಕೆತ್ತಿದ್ದು. ನಿಮ್ಮ ಕೊತೆತ್ಸುವಿನ ಮೂರನೇ ಫೋಟೊ ದೊಡ್ಡದು ಮಾಡಿ ನೋಡಿ. ಕೆಳಗಿನ ಅಕ್ಷರದ ಉಳಿ ಏಟು ಅರದ ಗೀಟುಗಳನ್ನು ಕಡಿದಿರುವ ಕಡೆ ಅಂಚು ಇನ್ನೂ ಚೂಪಾಗಿದೆ. ಮುನ್ನೂರೈವತ್ತು ವರ್ಷ ಹಿಡಿಕೆಯೊಳಗೆ ಹೋಗಿ ಬಂದು ಮಾಡಿದ ಅಂಚು ಹಾಗಿರುವುದಿಲ್ಲ. ಮತ್ತೆ, ದಯವಿಟ್ಟು, ನಕಾಗೊ ಮೇಲಿನ ತುಕ್ಕನ್ನು ಯಾವತ್ತೂ ಉಜ್ಜಬೇಡಿ. ಕೊಳೆ ಅಂತ ತಿಳಿದು ಉಪ್ಪುಕಾಗದದಿಂದ ಬೆಳ್ಳಗೆ ತಿಕ್ಕಿದ ಕತ್ತಿಗಳನ್ನು ಅಮೆರಿಕದ ಮೇಳಗಳಲ್ಲಿ ನೋಡಿದ್ದೇನೆ. ಅಜ್ಜ ಯುದ್ಧದಿಂದ ತಂದದ್ದನ್ನು ಮೊಮ್ಮಗ ಭಾನುವಾರ ಕೂತು ಹಾಳು ಮಾಡಿರುತ್ತಾನೆ.

ಇನ್ನು ಅಲಗಿನ ಮೇಲೆ ಹರಿಯುವ ಬಿಳಿ ಅಲೆ, ಎಲ್ಲರೂ ಮರುಳಾಗುವ ಹಮೋನ್. ಅಲಗಿಗೆ ಜೇಡಿಮಣ್ಣು ಬಳಿದು, ಬಾಯಿಯ ಕಡೆ ತೆಳ್ಳಗೆ ಬೆನ್ನಿನ ಕಡೆ ದಪ್ಪಗೆ, ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಮಣ್ಣು ತೆಳ್ಳಗಿರುವ ಕಡೆ ಉಕ್ಕು ಬೇಗ ತಣಿದು ಗಟ್ಟಿಯಾಗುತ್ತದೆ, ದಪ್ಪ ಇರುವ ಕಡೆ ಮೆತ್ತಗೆ ಉಳಿಯುತ್ತದೆ. ಎರಡರ ಗಡಿಯೇ ಹಮೋನ್. ಆದರೆ ವೆಬ್‌ಸೈಟ್ ಫೋಟೊದಲ್ಲಿ ನಿಮಗೆ ಕಾಣುವ ಹಾಲಿನಂಥ ಬಿಳುಪು ಬಹುಪಾಲು ಅದಲ್ಲ. ಸಾಣೆಗಾರ ಕೊನೆಯಲ್ಲಿ ಉಗುರಗಲದ ತೆಳು ಕಲ್ಲನ್ನು ಹೆಬ್ಬೆರಳ ಕೆಳಗಿಟ್ಟು ಉಜ್ಜಿ ತರುವ ಬಿಳುಪು ಅದು. ನಿಜವಾದ ಗಡಿ ಆ ಬಿಳುಪಿನ ಒಳಗೆ ಅಡಗಿರುತ್ತದೆ.

ಅದನ್ನು ನೋಡಬೇಕಾದರೆ ಕೋಣೆ ಕತ್ತಲಿರಬೇಕು, ಒಂದೇ ಒಂದು ಬಲ್ಬ್ ಉರಿಯುತ್ತಿರಬೇಕು. ಕತ್ತಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಮೊನೆಯನ್ನು ಬಲ್ಬಿನ ಕಡೆ ಇಟ್ಟು, ಬೆಳಕಿನ ಚುಕ್ಕೆಯ ಪಕ್ಕಕ್ಕೇ ನೋಡುತ್ತ ಮೆಲ್ಲಗೆ ಓರೆ ಮಾಡುತ್ತ ಹೋಗಿ. ಒಂದು ಕೋನ ಬಂದಾಗ ಬಿಳುಪು ಆರಿಹೋಗಿ ಒಳಗಿಂದ ಸಣ್ಣ ಕಣಗಳ ಸಾಲು ಎದ್ದು ಬರುತ್ತದೆ. ಆ ಕಾಲದ ಬಿಜೆನ್ ಕತ್ತಿಯಲ್ಲಿ ಆ ಸಾಲು ಅಲ್ಲಲ್ಲಿ ತುದಿ ಒಡೆದುಕೊಂಡು ಕವಲಾಗುತ್ತದೆ. ಜಪಾನಿನವರು ಅದನ್ನು ಏಡಿಯ ಕೊಂಡಿ ಅನ್ನುತ್ತಾರೆ. ಆಮ್ಲದಿಂದ ಬರೆದ ನಕಲಿ ಹಮೋನ್‌ನಲ್ಲಿ ಎಷ್ಟು ತಿರುಗಿಸಿದರೂ ಒಳಗಿಂದ ಏನೂ ಏಳುವುದಿಲ್ಲ, ಬಣ್ಣ ಬಳಿದ ಹಾಗೆ ಇದ್ದಲ್ಲೇ ಇರುತ್ತದೆ.

ಇದೇ ಕಾರಣಕ್ಕೆ ಕೊಳ್ಳುವ ಮುಂಚೆ ನಾಲ್ಕು ಒಳ್ಳೆಯ ಕತ್ತಿ ಕೈಯಲ್ಲಿ ಹಿಡಿಯಿರಿ ಅಂತ ನಾನು ಹೇಳುವುದು. ನೀವಿರುವ ಕಡೆಯೇ ಅದಕ್ಕೆ ಅನುಕೂಲ ಇದೆ. ಉತ್ತರ ಕ್ಯಾಲಿಫೋರ್ನಿಯಾದ ಜಪಾನಿ ಕತ್ತಿ ಸಂಘದವರು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಮೇಳ ನಡೆಸುತ್ತಾರೆ. ಜಪಾನಿನ ವ್ಯಾಪಾರಿಗಳೂ ಬರುತ್ತಾರೆ. ಕೇಳಿ ಹಿಡಿಯಿರಿ, ಬೆರಳು ಅಲಗಿಗೆ ತಾಗಿಸಬೇಡಿ, ಅಲಗಿನ ಮೇಲೆ ಬಾಗಿ ಮಾತಾಡಬೇಡಿ. ಎಂಜಲ ಹನಿ ಬಿದ್ದರೆ ತುಕ್ಕಿನ ಚುಕ್ಕೆ ಖಚಿತ. ಇಷ್ಟು ಮರ್ಯಾದೆ ಗೊತ್ತಿದೆ ಅಂತ ಕಂಡರೆ ಸಾಕು, ಹಳಬರು ಮೇಜಿನ ಕೆಳಗಿನಿಂದ ಒಳ್ಳೆಯದನ್ನು ತೆಗೆದು ತಾವೇ ತೋರಿಸುತ್ತಾರೆ. ಪೂರ್ವ ಕರಾವಳಿಗೆ ಹೋದರೆ ಬಾಸ್ಟನ್‌ನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನ ಸಂಗ್ರಹ ಬಹಳ ದೊಡ್ಡದು. ಊರಿಗೆ ಬಂದಾಗ ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂನ ಜಪಾನಿ ವಿಭಾಗದಲ್ಲೂ ಸಮುರಾಯ್ ಕತ್ತಿಗಳಿವೆ, ಗಾಜಿನಾಚೆಯಿಂದ ನೋಡಬೇಕು ಅಷ್ಟೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಕತ್ತಿಯ ಬೆಲೆ ಅಂದರೆ ಅದರ ಮೇಲೆ ಹಾಕಿದ ಚೀಟಿಯ ಬೆಲೆ ಅಲ್ಲ. ಸಾಣೆ ಕೆಟ್ಟ, ತುಕ್ಕು ಹಿಡಿದ ಕತ್ತಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳುವವರು ಮುಂದೆ ಅಳುತ್ತಾರೆ. ಸರಿಯಾಗಿ ಕಲಿತ ಸಾಣೆಗಾರ ಅಲಗಿನ ಇಂಚಿಗೆ 100 ಡಾಲರ್ ಮೇಲೇ ಕೇಳುತ್ತಾನೆ. ಇಡೀ ಕತಾನಾಗೆ 2,500 ಡಾಲರ್ ಆದರೂ ಆಶ್ಚರ್ಯ ಇಲ್ಲ. ಸರದಿ ಬರಲು ತಿಂಗಳುಗಟ್ಟಲೆ. ಜೊತೆಗೆ ಹೊಸ ಮರದ ಒರೆ, ಕತ್ತಿಯ ಬುಡಕ್ಕೆ ಕೂರುವ ಲೋಹದ ಪಟ್ಟಿ. ಅಷ್ಟೆಲ್ಲ ಆದ ಮೇಲೆ ಸುಳ್ಳು ಸಹಿ ಅಂತ ಗೊತ್ತಾದರೆ ಹಾಕಿದ ಅರ್ಧ ದುಡ್ಡೂ ವಾಪಸ್ ಬರುವುದಿಲ್ಲ. ಪ್ರತಿ ಸಾಣೆಗೂ ಉಕ್ಕು ಸ್ವಲ್ಪ ಸವೆಯುತ್ತದೆ, ಐನೂರು ವರ್ಷದ ಅಲಗಿನಲ್ಲಿ ಸವೆಸಲು ಉಳಿದಿರುವುದೇ ಕಡಿಮೆ. ಮೊದಲ ಕತ್ತಿಯನ್ನು ಒಳ್ಳೆಯ ಸಾಣೆಯಲ್ಲಿ ಇರುವಂಥದ್ದನ್ನೇ ಕೊಳ್ಳಿ. ನಿಮ್ಮ ಸುಕೆಸದಾ ಹಾಗಿದೆ.

ತರಿಸುವ ಬಗೆ ಹೀಗೆ. ಬೆಲೆ ಒಪ್ಪಿ ದುಡ್ಡು ಕಳಿಸಿದ ಮೇಲೆ ವ್ಯಾಪಾರಿ ಜಪಾನಿನ ಸಂಸ್ಕೃತಿ ಇಲಾಖೆಗೆ ಅರ್ಜಿ ಹಾಕುತ್ತಾನೆ. ರಾಷ್ಟ್ರೀಯ ನಿಧಿ, ಮುಖ್ಯ ಸಾಂಸ್ಕೃತಿಕ ಆಸ್ತಿ ಅಂತ ಸರ್ಕಾರ ಗುರುತಿಸಿದವು ದೇಶ ಬಿಡುವಂತಿಲ್ಲ. ನಿಮ್ಮದು ಅಂಥದ್ದಲ್ಲ ಅಂತ ಒಂದು ರಫ್ತು ಪತ್ರ ಬರುತ್ತದೆ, ಕೆಲವು ವಾರ ಹಿಡಿಯುತ್ತದೆ. ಆಗ ಆ ನೋಂದಣಿ ಚೀಟಿಯನ್ನು ಸರ್ಕಾರಕ್ಕೆ ವಾಪಸ್ ಕೊಡುತ್ತಾರೆ. ಹಾಗಾಗಿ ಮೂಲ ಚೀಟಿ ನಿಮ್ಮ ಕೈಗೆ ಬರುವುದಿಲ್ಲ. ಅದರ ನಕಲು ಕೇಳಿ ಇಟ್ಟುಕೊಳ್ಳಿ. ಎನ್‌ಬಿಟಿಎಚ್‌ಕೆ ಪತ್ರ ಮಾತ್ರ ಮೂಲವೇ ಬರಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ, ಕೊಳ್ಳುವವರು ಯೋಚಿಸುವುದೇ ಇಲ್ಲ. ಚೀಟಿ ರದ್ದಾಗಿ ಹೊರಗೆ ಬಂದ ಕತ್ತಿ ಮತ್ತೆ ಜಪಾನಿಗೆ ಹೋಗಬೇಕಾದರೆ ಕಸ್ಟಮ್ಸ್, ಪೊಲೀಸ್, ಹೊಸ ನೋಂದಣಿ ಎಲ್ಲ ಮೊದಲಿಂದ ಆಗಬೇಕು. ‘ಇಷ್ಟವಾಗದಿದ್ದರೆ ವಾಪಸ್ ತಗೊಳ್ಳುತ್ತೇವೆ’ ಅನ್ನುವ ಮಾತಿಗೆ ಕತ್ತಿ ಜಪಾನ್ ಬಿಟ್ಟ ಮೇಲೆ ಅಷ್ಟೇನೂ ಬೆಲೆ ಇಲ್ಲ. ನಿಮ್ಮ ಪ್ರಶ್ನೆಗಳೆಲ್ಲ ಚೀಟಿ ಸರ್ಕಾರಕ್ಕೆ ಹೋಗುವ ಮುಂಚೆ ಮುಗಿಯಬೇಕು.

ಅಮೆರಿಕಕ್ಕೆ ಬರುವ ಪೊಟ್ಟಣದ ಮೇಲೆ ಇದ್ದದ್ದು ಇದ್ದ ಹಾಗೆ ಬರೆಸಿ: ನೂರು ವರ್ಷ ಮೀರಿದ ಪುರಾತನ ಕತ್ತಿ, ಮಾಡಿದ ಕಾಲ, ದೇಶ, ನಿಜವಾದ ಬೆಲೆ. ‘ಗಿಫ್ಟ್ ಅಂತ ಹಾಕಲಾ, ಸುಂಕ ಉಳಿಯುತ್ತೆ’ ಅಂತ ಕೇಳುವ ಮಾರಾಟಗಾರ ಬೇಡ. ಪೊಟ್ಟಣ ಕಳೆದರೆ ವಿಮೆಯೂ ಆ ಕಡಿಮೆ ಬರೆದ ಬೆಲೆಗಷ್ಟೇ. ನೂರು ವರ್ಷ ಮೀರಿದ ವಸ್ತುಗಳಿಗೆ ಬೇರೆಯದೇ ಸುಂಕ ಶೀರ್ಷಿಕೆ ಇದೆ, ಆದರೆ 2025ರಿಂದ ಸುಂಕದ ನಿಯಮಗಳು ಪದೇ ಪದೇ ಬದಲಾಗುತ್ತಿವೆ. ಆ ವರ್ಷದ ಆಗಸ್ಟ್‌ನಲ್ಲಿ 800 ಡಾಲರ್ ಒಳಗಿನ ಸರಕಿಗಿದ್ದ ವಿನಾಯಿತಿಯೂ ಹೋಯಿತು. ಕಳಿಸುವ ವಾರ ಕಸ್ಟಮ್ಸ್ ಬ್ರೋಕರ್ ಹತ್ತಿರ ಕೇಳಿಕೊಳ್ಳಿ. ಹಿಡಿಕೆ, ಒರೆಯ ಅಲಂಕಾರದಲ್ಲಿ ಆನೆದಂತ ಅಥವಾ ಆಮೆಚಿಪ್ಪು ಇದೆಯಾ ಅಂತಲೂ ಕೇಳಿ. ಇದ್ದರೆ ವನ್ಯಜೀವಿ ಕಾನೂನು ಅಡ್ಡ ಬರುತ್ತದೆ, ಕತ್ತಿಗಿಂತ ಅದೇ ದೊಡ್ಡ ತಲೆನೋವು.

ಊರಿಗೆ ತರುವ ವಿಷಯ. ನನ್ನ ಸಲಹೆ ಕಹಿ: ಸೂಟ್‌ಕೇಸಿನಲ್ಲಿ ಹಾಕಿಕೊಂಡು ಮಾತ್ರ ಬರಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಆಯುಧವನ್ನು ದೇಶದೊಳಗೆ ತರಲು ಲೈಸೆನ್ಸ್ ಬೇಕು. 2016ರ ನಿಯಮಗಳ ಪಟ್ಟಿಯಲ್ಲಿ ಕತ್ತಿಗಳು ಹೆಸರು ಹಿಡಿದೇ ಇವೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳೂ ಸೇರುತ್ತವೆ, ಮನೆಗೆಲಸ, ಬೇಸಾಯದಂಥ ಕೆಲಸದವನ್ನು ಬಿಟ್ಟು. ನಿಮ್ಮ ವಾಕಿಜಾಶಿ 21 ಇಂಚು. ಪುರಾತನ ಮೌಲ್ಯದ ಆಯುಧಕ್ಕೆ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ವಿನಾಯಿತಿಯ ಮಾತು ಇದೆ ಅಂತ ಕೆಲವರು ತೋರಿಸುತ್ತಾರೆ. ಇದೆ, ಆದರೆ ಆ ವಾಕ್ಯ ಬಂದೂಕನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ರಾತ್ರಿ ಎರಡು ಗಂಟೆಗೆ ಕಸ್ಟಮ್ಸ್ ಅಧಿಕಾರಿಯ ಮುಂದೆ ಅದನ್ನು ವಾದಿಸಿ ಗೆಲ್ಲುತ್ತೀರಿ ಅಂತ ನನಗೆ ಅನ್ನಿಸುವುದಿಲ್ಲ. ತರಲೇಬೇಕು ಅಂದರೆ ವರ್ಷ ಮುಂಚೆಯೇ ವಕೀಲರನ್ನು ಹಿಡಿದು, ಬರಹದಲ್ಲಿ ಅನುಮತಿ ಪಡೆದು, ಆಮೇಲೆ ಟಿಕೆಟ್ ಮಾಡಿಸಿ.

ತಂದರೂ ಇನ್ನೆರಡು ಯೋಚನೆ ಇವೆ. ನೂರು ವರ್ಷ ದಾಟಿದ ವಸ್ತುವನ್ನು ಮತ್ತೆ ಹೊರಗೆ ಕಳಿಸಬೇಕಾದರೆ 1972ರ ಪುರಾತನ ವಸ್ತುಗಳ ಕಾಯ್ದೆ ಎದುರಾಗುತ್ತದೆ. ಆಗ ಮಾರುವುದೂ ಕಷ್ಟ, ಸಾಣೆಗೆ ಜಪಾನಿಗೆ ಕಳಿಸುವುದೂ ಕಷ್ಟ. ಸ್ಥಳೀಯವಾಗಿ ಸಾಣೆ ಹಿಡಿಸಿದರೆ ಆ ಹಮೋನ್, ಆ ಅಂಚುಗಳು ಒಂದು ಮಧ್ಯಾಹ್ನದಲ್ಲಿ ಮುಗಿದುಹೋಗುತ್ತವೆ. ವಾಪಸ್ ಬರುವುದು ಖಚಿತ, ಅದೂ ಎರಡು ಮೂರು ವರ್ಷದಲ್ಲಿ ಅಂದರೆ, ಅಲಗು ಬಿಟ್ಟು ತ್ಸುಬಾ ಕೊಳ್ಳುವುದನ್ನು ಯೋಚಿಸಿ. ಕತ್ತಿಯ ಹಿಡಿಕೆಗೂ ಅಲಗಿಗೂ ನಡುವೆ ಕೂರುವ ಅಂಗೈಯಗಲದ ಕಬ್ಬಿಣದ ಬಿಲ್ಲೆ ಅದು. ಅದಕ್ಕೂ ಎನ್‌ಬಿಟಿಎಚ್‌ಕೆ ಪತ್ರ ಸಿಗುತ್ತದೆ, ಅದರದೇ ಪರಂಪರೆಗಳಿವೆ, ಅದನ್ನೇ ಜೀವಮಾನವಿಡೀ ಸಂಗ್ರಹಿಸುವವರಿದ್ದಾರೆ. ಬಾಯಿ ಇಲ್ಲದ ಕಬ್ಬಿಣವನ್ನು ಯಾರೂ ಆಯುಧ ಅನ್ನುವುದಿಲ್ಲ.

ಇನ್ನೂ ಹತ್ತು ವರ್ಷ ಅಲ್ಲೇ ಇರುತ್ತೀರಿ ಅಂದರೆ ಸುಕೆಸದಾ ಕೊಳ್ಳಿ. ಬೆಲೆ ನ್ಯಾಯವಾಗಿದೆ. ಅದಕ್ಕೆ ಮುಂಚೆ ಆ ವ್ಯಾಪಾರಿಗೆ ಒಂದು ಇಮೇಲ್ ಹಾಕಿ. ಹಗಿರೆ ಇಲ್ಲ, ಮರುಹದ ಅಲ್ಲ ಅಂತ ಬರೆದುಕೊಡಲು ಹೇಳಿ. ಪತ್ರದ ಎರಡೂ ಬದಿಯ ಫೋಟೊ, ಪತ್ರದಲ್ಲಿರುವ ನಕಾಗೊ ಚಿತ್ರದ ಪಕ್ಕದಲ್ಲೇ ನಿಜವಾದ ನಕಾಗೊ ಇಟ್ಟು ತೆಗೆದ ಫೋಟೊ, ಒಂದೇ ದೀಪದಡಿ ಬುಡದಿಂದ ಮೊನೆವರೆಗೆ ಮೆಲ್ಲಗೆ ಎಳೆದ ವಿಡಿಯೊ ಕೇಳಿ. ಮೊನೆಯಲ್ಲಿ ಹಮೋನ್ ತಿರುಗಿ ಬೆನ್ನಿಗೆ ಹೋಗುವುದು ವಿಡಿಯೊದಲ್ಲಿ ಸ್ಪಷ್ಟ ಕಾಣಬೇಕು. ಹಲವು ಸಾಣೆ ತಿಂದ ಕತ್ತಿಗಳಲ್ಲಿ ಮೊದಲು ಸವೆದು ಹೋಗುವುದು ಆ ಜಾಗವೇ. ಅವನು ತೆಗೆದ ಸಾಮಾನ್ಯ ಫೋಟೊಗಳಲ್ಲಿ ಮೊನೆ ಎರಡು ಸಲವೂ ಬೆಳಕಿನ ಝಳಕ್ಕೆ ಬೆಳ್ಳಗಾಗಿದೆ. ಬೇಕಂತಲೇ ಇರಲಿಕ್ಕಿಲ್ಲ, ಆದರೂ ಕೇಳಿ. ಒಳ್ಳೆಯ ವ್ಯಾಪಾರಿಗಳು ಇಂಥ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ಎರಡು ಮೂರು ದಿನದಲ್ಲಿ ಕಳಿಸುತ್ತಾರೆ. ವಿಡಿಯೊ ಬಂದ ಮೇಲೆ ನನಗೂ ಒಂದು ಪ್ರತಿ ಹಾಕಿ, ಮೊನೆ ಹೇಗಿದೆ ನೋಡಿ ಹೇಳುತ್ತೇನೆ.